ಅಲರ್ಜಿ ಪರೀಕ್ಷೆ

ಅಲರ್ಜಿ ಪರೀಕ್ಷೆ ಎಂದರೆ ವ್ಯಕ್ತಿಯ ರೋಗನಿರೋಧಕ ವ್ಯವಸ್ಥೆಯು ಯಾವ ವಸ್ತುವಿಗೆ ಅತಿಯಾಗಿ ಪ್ರತಿಕ್ರಿಯಿಸುತ್ತದೆ ಎಂಬುದನ್ನು ಗುರುತಿಸುವ ವೈದ್ಯಕೀಯ ಪರೀಕ್ಷೆ. ಪರಾಗ, ಮನೆಧೂಳಿನ ನುಸಿ, ಆಹಾರ, ಔಷಧಿ, ರೇಷ್ಮೆಯ ಪ್ರೋಟೀನು ಮೊದಲಾದವು ಅಲರ್ಜಿಕಾರಕಗಳಾಗಬಲ್ಲವು. 'ಅಲರ್ಜಿ' ಎಂಬ ಪದವನ್ನು ಆಸ್ಟ್ರಿಯಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ ಬಳಕೆಗೆ ತಂದರು.

ಹಿಸ್ಟಮೀನ್‌ನ ಪಾತ್ರ

ಹಿಸ್ಟಮೀನ್ ದೇಹದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದಿಂದ ಉತ್ಪತ್ತಿಯಾಗುತ್ತದೆ. ಇದು ಮುಖ್ಯವಾಗಿ ಮಾಸ್ಟ್ ಕೋಶಗಳಲ್ಲಿ ಮತ್ತು ಬೇಸೋಫಿಲ್ ಎಂಬ ಬಿಳಿ ರಕ್ತಕಣಗಳಲ್ಲಿ ಸಂಗ್ರಹವಾಗಿರುತ್ತದೆ. ಅಲರ್ಜಿಕಾರಕವು ಮೊದಲು ದೇಹವನ್ನು ಸೇರಿದಾಗ, ಕೆಲವರಲ್ಲಿ ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯ ತಯಾರಾಗಿ ಮಾಸ್ಟ್ ಕೋಶಗಳ ಮೇಲೆ ನೆಲೆಗೊಳ್ಳುತ್ತದೆ. ಅದೇ ವಸ್ತು ಮತ್ತೆ ಬಂದು ಈ ಪ್ರತಿಕಾಯಗಳಿಗೆ ಅಂಟಿಕೊಂಡರೆ ಕೋಶಗಳು ಕೆಲವೇ ನಿಮಿಷಗಳಲ್ಲಿ ಹಿಸ್ಟಮೀನನ್ನು ಹೊರಚೆಲ್ಲುತ್ತವೆ. ಅದು ಎಚ್1 ಗ್ರಾಹಕಗಳ ಮೇಲೆ ವರ್ತಿಸಿ ಕಿರು ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಅವುಗಳಿಂದ ದ್ರವ ಸೋರುವಂತೆ ಮಾಡುತ್ತದೆ, ಶ್ವಾಸನಾಳಗಳನ್ನು ಸಂಕುಚಿಸುತ್ತದೆ. ಸೀನು, ತುರಿಕೆ, ಪಿತ್ತಗಂಧೆ ಮತ್ತು ಉಬ್ಬಸ ಇದರ ಫಲ.

ಪರೀಕ್ಷಾ ವಿಧಾನಗಳು

ಚರ್ಮ ಚುಚ್ಚು ಪರೀಕ್ಷೆಯಲ್ಲಿ ಅಲರ್ಜಿಕಾರಕದ ದ್ರಾವಣದ ಹನಿಯನ್ನು ಮುಂಗೈ ಮೇಲಿಟ್ಟು, ಅದರ ಮೂಲಕ ಚರ್ಮವನ್ನು ಮೇಲುಮೇಲೆ ಚುಚ್ಚುತ್ತಾರೆ. ಪಕ್ಕದಲ್ಲಿ ಹಿಸ್ಟಮೀನ್ ದ್ರಾವಣವನ್ನೂ ಲವಣಜಲವನ್ನೂ ಹೋಲಿಕೆಗಾಗಿ ಬಳಸುತ್ತಾರೆ. 15ರಿಂದ 20 ನಿಮಿಷಗಳ ನಂತರ, ಲವಣಜಲದ ಗುರುತಿಗಿಂತ ಕನಿಷ್ಠ 3 ಮಿ.ಮೀ. ದೊಡ್ಡದಾದ ಗಂಧೆ ಎದ್ದಿದ್ದರೆ ಫಲಿತಾಂಶವನ್ನು ಸಕಾರಾತ್ಮಕವೆಂದು ಪರಿಗಣಿಸಲಾಗುತ್ತದೆ. ಹಿಸ್ಟಮೀನ್ ಹನಿಯ ಜಾಗವೂ ಊದದಿದ್ದರೆ ಪರೀಕ್ಷೆಯನ್ನು ನಂಬಲಾಗದು. ಆಂಟಿಹಿಸ್ಟಮಿನ್ ಮಾತ್ರೆಗಳು ಗಂಧೆಯನ್ನು ಅಡಗಿಸುವುದರಿಂದ, ವೈದ್ಯರ ಸೂಚನೆಯಂತೆ ಅವನ್ನು ಕೆಲವು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ.

ರಕ್ತದಲ್ಲಿ ನಿರ್ದಿಷ್ಟ ಐಜಿಇ ಪ್ರಮಾಣವನ್ನು ಅಳೆಯುವ ಪರೀಕ್ಷೆಗೆ ಈ ಮಾತ್ರೆಗಳು ಅಡ್ಡಿಯಲ್ಲ. ಪಾರ್ಥೇನಿಯಂ (ಕಾಂಗ್ರೆಸ್ ಕಳೆ) ಗಿಡದಿಂದ ಉಂಟಾಗುವ ಚರ್ಮದ ಉರಿಯೂತ ಬೇರೆ ಬಗೆಯದು. ಅದು ಟಿ-ಕೋಶಗಳಿಂದ ನಿಧಾನವಾಗಿ ಬೆಳೆಯುವುದರಿಂದ, ಬೆನ್ನಿಗೆ ಪಟ್ಟಿ ಅಂಟಿಸಿ ಸುಮಾರು 48 ಗಂಟೆ ಬಿಡುವ ಪ್ಯಾಚ್ ಪರೀಕ್ಷೆ ಬೇಕಾಗುತ್ತದೆ.

ರೇಷ್ಮೆ ಉದ್ಯಮದಲ್ಲಿ

ಬಿಡದಿ, ಕನಕಪುರ, ಮಾಗಡಿ, ಚನ್ನಪಟ್ಟಣ ಮತ್ತು ರಾಮನಗರ ಭಾಗದಲ್ಲಿ ರೇಷ್ಮೆ ಅನೇಕ ಕುಟುಂಬಗಳ ಜೀವನಾಧಾರ. ರಾಮನಗರದ ಗೂಡಿನ ಮಾರುಕಟ್ಟೆ ದೇಶದ ಪ್ರಮುಖ ರೇಷ್ಮೆಗೂಡು ಮಾರುಕಟ್ಟೆಗಳಲ್ಲಿ ಒಂದು. ನೂಲು ಬಿಚ್ಚುವಾಗ ಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸಿ ಸೆರಿಸಿನ್ ಎಂಬ ಅಂಟನ್ನು ಸಡಿಲಿಸುತ್ತಾರೆ. ಗೂಡಿನ ಮತ್ತು ಅದರೊಳಗಿನ ಕೋಶಾವಸ್ಥೆಯ ಹುಳುವಿನ ಪ್ರೋಟೀನುಗಳು ಹಬೆ ಹಾಗೂ ಧೂಳಿನೊಂದಿಗೆ ಉಸಿರಾಟದ ಮಾರ್ಗವನ್ನು ಸೇರಬಲ್ಲವು. ಭಾರತದ ರೇಷ್ಮೆ ನೂಲು ಘಟಕಗಳ ಕಾರ್ಮಿಕರಲ್ಲಿ ಕಂಡುಬಂದ ಔದ್ಯೋಗಿಕ ಅಸ್ತಮಾ ಕುರಿತ ಅಧ್ಯಯನ 1985ರಲ್ಲಿ ಪ್ರಕಟವಾಗಿದೆ.

ಆದರೆ ಬಿಚ್ಚಾಣಿಕೆದಾರರ ಕೆಮ್ಮೆಲ್ಲವೂ ಅಲರ್ಜಿಯಲ್ಲ. ಒಲೆಯ ಹೊಗೆಯೂ ಹಬೆಯೂ ಶ್ವಾಸನಾಳವನ್ನು ಕೆರಳಿಸಬಲ್ಲವು. ಚುಚ್ಚು ಪರೀಕ್ಷೆ ಸಕಾರಾತ್ಮಕವಾದರೆ ಅದು ದೇಹ ಸಂವೇದನೆ ಪಡೆದಿದೆ ಎಂಬುದನ್ನು ಮಾತ್ರ ಸೂಚಿಸುತ್ತದೆ. ಕಾಯಿಲೆಗೆ ಅದೇ ಕಾರಣವೆಂದು ಸಾಬೀತುಪಡಿಸುವುದಿಲ್ಲ. ರಜಾದಿನಗಳಲ್ಲಿ ಉಬ್ಬಸ ತಗ್ಗುತ್ತದೆಯೇ, ಕೆಲಸಕ್ಕೆ ಮರಳಿದಾಗ ಹೆಚ್ಚುತ್ತದೆಯೇ ಎಂಬ ವಿವರವನ್ನೂ ಉಸಿರಿನ ವೇಗದ ಅಳತೆಗಳನ್ನೂ ಜೊತೆಗಿಟ್ಟು ನೋಡಿದಾಗಲೇ ಫಲಿತಾಂಶಕ್ಕೆ ಅರ್ಥ. ಗಾಳಿಯಾಡುವ ವ್ಯವಸ್ಥೆ ಸಾಕೇ ಅಥವಾ ಕಸುಬನ್ನೇ ಬದಲಿಸಬೇಕೇ ಎಂಬ ನಿರ್ಧಾರ ಇದನ್ನು ಅವಲಂಬಿಸಿದೆ.

ಸುರಕ್ಷತೆ

ಚರ್ಮ ಪರೀಕ್ಷೆಯಿಂದ ತೀವ್ರ ಪ್ರತಿಕ್ರಿಯೆ ಉಂಟಾಗುವುದು ಅಪರೂಪವಾದರೂ, ತುರ್ತು ಚಿಕಿತ್ಸೆಯ ಸೌಲಭ್ಯವಿರುವ ಕಡೆಯಲ್ಲೇ ಅದನ್ನು ಮಾಡಿಸಬೇಕು. ಉಸಿರುಗಟ್ಟುವಿಕೆ ಮತ್ತು ರಕ್ತದೊತ್ತಡದ ಕುಸಿತ ಕಾಣಿಸುವ ಅನಾಫಿಲಾಕ್ಸಿಸ್‌ಗೆ ಅಡ್ರಿನಲಿನ್ ಚುಚ್ಚುಮದ್ದೇ ಮೊದಲ ಚಿಕಿತ್ಸೆ. ಆಗ ಹಿಸ್ಟಮೀನ್ ಜೊತೆಗೆ ಇತರ ರಾಸಾಯನಿಕಗಳೂ ಬಿಡುಗಡೆಯಾಗಿರುವುದರಿಂದ, ಆಂಟಿಹಿಸ್ಟಮಿನ್ ಮಾತ್ರೆಯೊಂದೇ ಜೀವ ಉಳಿಸಲಾರದು.