ಯೋನಿಯ ಶಿಲೀಂಧ್ರ ಸೋಂಕನ್ನು ಹೋಲುವ ಕಾಯಿಲೆಗಳು

ಕ್ಯಾಂಡಿಡಾ ಶಿಲೀಂಧ್ರ ಮಿತಿಮೀರಿ ಬೆಳೆದಾಗ ಯೋನಿಯಲ್ಲಿ ತುರಿಕೆ, ಉರಿ, ಒಡೆದ ಹಾಲಿನಂಥ ಬಿಳಿ ಸ್ರಾವ ಕಾಣಿಸಿಕೊಳ್ಳುತ್ತವೆ. ದುರ್ವಾಸನೆ ಸಾಮಾನ್ಯವಾಗಿ ಇರದು. ಆದರೆ ಎಲ್ಲ ತುರಿಕೆಗೂ ಶಿಲೀಂಧ್ರವೇ ಕಾರಣವಲ್ಲ. ಬ್ಯಾಕ್ಟೀರಿಯಲ್ ವಜೈನೋಸಿಸ್‌ನಲ್ಲಿ ಸ್ರಾವ ತೆಳ್ಳಗೆ ಬೂದುಬಣ್ಣಕ್ಕಿದ್ದು ಮೀನಿನ ವಾಸನೆ ಬರುತ್ತದೆ; ಪಿಎಚ್ 4.5 ದಾಟಿರುತ್ತದೆ. ಟ್ರೈಕೊಮೋನಿಯಾಸಿಸ್ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಹಳದಿ-ಹಸಿರು ನೊರೆ ಸ್ರಾವ ಇರಬಹುದು. ಸಂಗಾತಿಗೂ ಚಿಕಿತ್ಸೆ ಆಗದಿದ್ದರೆ ಮತ್ತೆ ಅಂಟಿಕೊಳ್ಳುತ್ತದೆ. ಇವೆರಡಕ್ಕೂ ಸಾಮಾನ್ಯವಾಗಿ ಮೆಟ್ರೊನಿಡಜೋಲ್ ಕೊಡುತ್ತಾರೆ. ಔಷಧ ಅಂಗಡಿಯಲ್ಲಿ ಕೇಳಿ ತಂದ ಶಿಲೀಂಧ್ರನಾಶಕ ಕ್ಲೋಟ್ರಿಮಜೋಲ್‌ನಿಂದ ಇವು ವಾಸಿಯಾಗುವುದಿಲ್ಲ.

ಸೋಂಕೇ ಅಲ್ಲದ ಕಾರಣಗಳೂ ಇವೆ. ಸುಗಂಧದ ಸೋಪು, ಪ್ಯಾಡುಗಳಿಂದ ಚರ್ಮ ಕೆರಳುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿದು ಒಳಪದರ ಒಣಗುತ್ತದೆ. ಇವೆಲ್ಲಕ್ಕಿಂತ ಕಡೆಗಣಿಸಬಾರದ್ದು ಲೈಕೆನ್ ಸ್ಕ್ಲೆರೋಸಸ್ ಎಂಬ ಚರ್ಮರೋಗ. ಯೋನಿದ್ವಾರದ ಸುತ್ತಲಿನ ಚರ್ಮ ಬೆಳ್ಳಗಾಗಿ ತೆಳುವಾಗಿ ಸುಕ್ಕುಗಟ್ಟುತ್ತದೆ. ತುರಿಕೆ ರಾತ್ರಿಯ ನಿದ್ದೆ ಕೆಡಿಸುತ್ತದೆ. ಸಂಕೋಚದಿಂದ ವೈದ್ಯರಿಗೆ ತೋರಿಸದೆ ವರ್ಷಗಟ್ಟಲೆ ಶಿಲೀಂಧ್ರನಾಶಕ ಹಚ್ಚಿಕೊಳ್ಳುವವರಿದ್ದಾರೆ. ಇದಕ್ಕೆ ವೈದ್ಯರು ಬರೆದುಕೊಡುವ ತೀವ್ರ ಸ್ಟೀರಾಯ್ಡ್ ಮುಲಾಮು ಬೇಕು. ಕೆಲವರಲ್ಲಿ ಇದು ಕ್ಯಾನ್ಸರ್‌ಗೆ ತಿರುಗುವುದರಿಂದ ನಿಯಮಿತ ತಪಾಸಣೆಯೂ ಬೇಕು.

ಶಿಲೀಂಧ್ರನಾಶಕ ಮುಲಾಮಿಗೆ ಬಗ್ಗದ, ಮತ್ತೆ ಮತ್ತೆ ಬರುವ ತುರಿಕೆಗೆ ಸ್ರಾವದ ಸೂಕ್ಷ್ಮದರ್ಶಕ ಪರೀಕ್ಷೆ ಮತ್ತು ಮಧುಮೇಹವಿದೆಯೇ ಎಂದು ತಿಳಿಯಲು ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಲೇಬೇಕು.