ಗಾಯದಿಂದ ಹೃದಯ ಸ್ತಂಭನಗೊಂಡವರ ಪುನಶ್ಚೇತನ: ಸಾರ್ವಜನಿಕರಿಗೆ ಮಾಹಿತಿ

ರಸ್ತೆ ಅಪಘಾತ, ಎತ್ತರದಿಂದ ಬೀಳುವಿಕೆ, ಇರಿತ ಮುಂತಾದ ಕಾರಣಗಳಿಂದ ತೀವ್ರವಾಗಿ ಗಾಯಗೊಂಡ ವ್ಯಕ್ತಿಯ ಹೃದಯ ಬಡಿತವು ನಿಂತುಹೋಗಬಹುದು. ಇದು ಹೃದಯಾಘಾತದಿಂದ ಉಂಟಾಗುವ ಸ್ತಂಭನಕ್ಕಿಂತ ಭಿನ್ನವಾದುದು. ಬದುಕುಳಿಯುವವರ ಸಂಖ್ಯೆ ಕಡಿಮೆಯೇ ಆದರೂ, ಮೂಲ ಕಾರಣವನ್ನು ಕೆಲವೇ ನಿಮಿಷಗಳಲ್ಲಿ ಸರಿಪಡಿಸಿದಲ್ಲಿ ಜೀವ ಉಳಿಯುವ ಸಾಧ್ಯತೆ ಇರುತ್ತದೆ.

ಸರಿಪಡಿಸಬಹುದಾದ ಮುಖ್ಯ ಕಾರಣಗಳು

1. ಅತಿಯಾದ ರಕ್ತಸ್ರಾವ.
2. ಉಸಿರಾಟಕ್ಕೆ ಅಡಚಣೆಯಾಗಿ ಆಮ್ಲಜನಕದ ಕೊರತೆ.
3. ಎದೆಗೂಡಿನೊಳಗೆ ಗಾಳಿ ಸೇರಿ ಶ್ವಾಸಕೋಶ ಮತ್ತು ಹೃದಯದ ಮೇಲೆ ಉಂಟಾಗುವ ಒತ್ತಡ.
4. ಹೃದಯದ ಹೊರಪೊರೆಯೊಳಗೆ ರಕ್ತ ತುಂಬಿ ಹೃದಯವು ಹಿಗ್ಗಲಾಗದಿರುವುದು.

ರಕ್ತವು ಬರಿದಾದ ಹೃದಯವನ್ನು ಎದೆಯ ಮೇಲಿನಿಂದ ಒತ್ತಿದ ಮಾತ್ರಕ್ಕೆ ರಕ್ತ ಪರಿಚಲನೆಯು ಮರಳುವುದಿಲ್ಲ. ಆದುದರಿಂದ ವೈದ್ಯಕೀಯ ತಂಡವು ಮೇಲ್ಕಂಡ ಕಾರಣಗಳ ನಿವಾರಣೆಗೆ ಆದ್ಯತೆ ನೀಡುತ್ತದೆ.

ಸ್ಥಳದಲ್ಲಿರುವವರು ಮಾಡಬೇಕಾದುದು

1. ಸ್ಥಳವು ಸುರಕ್ಷಿತವೆಂದು ಖಚಿತಪಡಿಸಿಕೊಂಡು, ಕೂಡಲೇ 108 ಅಥವಾ 112 ಸಂಖ್ಯೆಗೆ ಕರೆ ಮಾಡುವುದು.
2. ರಕ್ತ ಸುರಿಯುತ್ತಿರುವ ಗಾಯವನ್ನು ಶುಭ್ರವಾದ ಬಟ್ಟೆಯಿಂದ ಬಲವಾಗಿ, ಬಿಡದೆ ಒತ್ತಿ ಹಿಡಿಯುವುದು.
3. ಕುತ್ತಿಗೆಯನ್ನು ಆದಷ್ಟು ಅಲುಗಿಸದೆ, ಬಾಯಿಯಲ್ಲಿ ಕಾಣುವ ಅಡಚಣೆಯನ್ನು ತೆಗೆದು, ಕೆಳದವಡೆಯನ್ನು ಮುಂದಕ್ಕೆ ತಂದು ಉಸಿರಿನ ದಾರಿಯನ್ನು ತೆರವುಗೊಳಿಸುವುದು.
4. ವ್ಯಕ್ತಿಯು ಪ್ರತಿಕ್ರಿಯಿಸದೆ, ಸಹಜವಾಗಿ ಉಸಿರಾಡದೆ ಇದ್ದಲ್ಲಿ, ಎದೆಯ ಮಧ್ಯಭಾಗವನ್ನು ನಿಮಿಷಕ್ಕೆ 100 ರಿಂದ 120 ಬಾರಿ, ವಯಸ್ಕರಲ್ಲಿ 5 ರಿಂದ 6 ಸೆಂ.ಮೀ. ಆಳಕ್ಕೆ ಒತ್ತುವುದು. ಇನ್ನೊಬ್ಬರಿದ್ದಲ್ಲಿ ಅವರು ರಕ್ತಸ್ರಾವವನ್ನು ತಡೆಯುವುದನ್ನು ಮುಂದುವರಿಸತಕ್ಕದ್ದು.
5. ಪ್ರಜ್ಞೆಯಿಲ್ಲದವರಿಗೆ ನೀರನ್ನಾಗಲಿ, ಇತರೆ ಯಾವುದೇ ಪಾನೀಯವನ್ನಾಗಲಿ ಕುಡಿಸಬಾರದು.

ಆಸ್ಪತ್ರೆಯಲ್ಲಿ ನೀಡಲಾಗುವ ಚಿಕಿತ್ಸೆ

ಕೃತಕ ಉಸಿರಾಟ ಹಾಗೂ ರಕ್ತ ಪೂರಣವನ್ನು ಕೈಗೊಂಡು, ಎದೆಗೂಡಿನ ಗಾಳಿಯನ್ನು ಹೊರಬಿಡಲಾಗುತ್ತದೆ. ಆಯ್ದ ಪ್ರಕರಣಗಳಲ್ಲಿ, ವಿಶೇಷವಾಗಿ ಎದೆಗೆ ಇರಿತವಾದಾಗ, ತಜ್ಞರು ತುರ್ತಾಗಿ ಎದೆಯನ್ನು ತೆರೆದು ಶಸ್ತ್ರಚಿಕಿತ್ಸೆ ನಡೆಸಬಹುದು. ಎಲ್ಲ ಕಾರಣಗಳನ್ನು ಸರಿಪಡಿಸಿದ ನಂತರವೂ ಹೃದಯ ಬಡಿತವು ಮರಳದಿದ್ದಲ್ಲಿ, ಪ್ರಯತ್ನವನ್ನು ನಿಲ್ಲಿಸುವ ಬಗ್ಗೆ ವೈದ್ಯರು ತೀರ್ಮಾನಿಸುತ್ತಾರೆ. ಈ ಬಗ್ಗೆ ವೈದ್ಯರಿಂದ ವಿವರಣೆ ಕೇಳಲು ಕುಟುಂಬದವರು ಹಿಂಜರಿಯಬೇಕಾಗಿಲ್ಲ.

ಕಾನೂನಿನ ರಕ್ಷಣೆ ಮತ್ತು ಸೌಲಭ್ಯ

ಪೊಲೀಸ್ ವಿಧಿವಿಧಾನಗಳಿಗಾಗಿ ಕಾಯದೆ ಗಾಯಾಳುವಿಗೆ ಚಿಕಿತ್ಸೆ ನೀಡುವುದು ವೈದ್ಯರ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ತೀರ್ಪು ನೀಡಿದೆ. ಮೋಟಾರು ವಾಹನಗಳ ಕಾಯ್ದೆಗೆ 2019ರಲ್ಲಿ ತರಲಾದ ತಿದ್ದುಪಡಿಯಂತೆ, ಅಪಘಾತಕ್ಕೀಡಾದವರಿಗೆ ಪ್ರತಿಫಲಾಪೇಕ್ಷೆಯಿಲ್ಲದೆ ಸದುದ್ದೇಶದಿಂದ ನೆರವಾದ ವ್ಯಕ್ತಿಯು, ಗಾಯಾಳು ಮೃತಪಟ್ಟರೂ, ಸಿವಿಲ್ ಅಥವಾ ಕ್ರಿಮಿನಲ್ ಕ್ರಮಕ್ಕೆ ಹೊಣೆಯಾಗುವುದಿಲ್ಲ. ಹೆಸರು, ವಿಳಾಸ ನೀಡುವಂತೆ ಅಂತಹವರನ್ನು ಒತ್ತಾಯಿಸುವಂತಿಲ್ಲ. ಕೇಂದ್ರ ಸರ್ಕಾರದ 2025ರ ಯೋಜನೆಯನ್ವಯ, ರಸ್ತೆ ಅಪಘಾತದ ಗಾಯಾಳುಗಳು ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ, ರೂ. 1.5 ಲಕ್ಷದ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಗೆ ಅರ್ಹರಿರುತ್ತಾರೆ.

ಸೂಚನೆ: ಈ ಮಾಹಿತಿಯು ತರಬೇತಿಗೆ ಪರ್ಯಾಯವಲ್ಲ. ಸಾರ್ವಜನಿಕರು ಪ್ರಥಮ ಚಿಕಿತ್ಸೆಯ ತರಬೇತಿಯನ್ನು ಪಡೆದುಕೊಳ್ಳುವುದು ಸೂಕ್ತ.