ಎರಡು ಹೊಳೆಗಳ ನಡುವಿನ ಕವಿ ರನ್ನ

ನಕಾಶೆಯಲ್ಲಿ ಹಿಪ್ಪರಗಿಯನ್ನು ಹುಡುಕಿರಿ. ಕೃಷ್ಣಾ ನದಿಗೆ ಬ್ಯಾರೇಜ್ ಕಟ್ಟಿರುವ ಊರು ಅದು. ಅಲ್ಲಿಂದ ಬೆರಳನ್ನು ದಕ್ಷಿಣಕ್ಕೆ ಸರಿಸಿದರೆ ಘಟಪ್ರಭಾ ನದಿ ಸಿಗುತ್ತದೆ, ಅದರ ದಡದಲ್ಲಿ ಮುಧೋಳ. ಎರಡೂ ಹೊಳೆಗಳು ಪೂರ್ವಕ್ಕೆ ಹರಿದು ಚಿಕ್ಕಸಂಗಮದಲ್ಲಿ ಕೂಡುತ್ತವೆ. ನಡುವೆ ಉಳಿಯುವ ನೆಲ ಹೆಚ್ಚುಕಡಿಮೆ ಒಂದು ನಡುಗಡ್ಡೆಯಂತೆಯೇ ಕಾಣುತ್ತದೆ.

ಹತ್ತನೆಯ ಶತಮಾನದಲ್ಲಿ ಈ ಸೀಮೆ ಬೆಳುಗಲಿ ನಾಡಾಗಿತ್ತು, ಮುಧೋಳ ಮುದುವೊಳಲಾಗಿತ್ತು. 949ರಲ್ಲಿ ರನ್ನ ಹುಟ್ಟಿದ್ದು ಇಲ್ಲಿಯೇ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆಗಾರರ ಮನೆತನ. ಕವಿಯಾದ ಮೇಲೂ ರನ್ನ ತನ್ನ ಕುಲವನ್ನು ಮರೆಮಾಚಲಿಲ್ಲ, ಕಾವ್ಯದಲ್ಲಿಯೇ ಹೇಳಿಕೊಂಡ.

ಬಳೆಗಾರರ ಹುಡುಗನಿಗೆ ವಿದ್ಯೆ ತಾನಾಗಿ ಒದಗಲಿಲ್ಲ. ಆತ ಊರು ಬಿಟ್ಟು ಗಂಗರ ನಾಡಿಗೆ ಹೋದ. ಅಲ್ಲಿ ಅಜಿತಸೇನಾಚಾರ್ಯರು ಗುರುಗಳಾದರು. ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯ ಆಶ್ರಯ ಕೊಟ್ಟ. ಮುಂದೆ ಅತ್ತಿಮಬ್ಬೆಯ ಪ್ರೇರಣೆಯಿಂದ 993ರಲ್ಲಿ 'ಅಜಿತಪುರಾಣ' ಪೂರ್ಣವಾಯಿತು. ಪೊನ್ನನ 'ಶಾಂತಿಪುರಾಣ'ವನ್ನು ಒಂದು ಸಾವಿರ ಪ್ರತಿ ಬರೆಯಿಸಿ ಹಂಚಿದ ಮಹಾತಾಯಿ ಈಕೆ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಪ್ರತಿಯೊಂದನ್ನೂ ಕೈಯಿಂದಲೇ ಬರೆಯಬೇಕಿತ್ತು ಎಂಬುದನ್ನು ನೆನೆಯಿರಿ. ರನ್ನ ತನ್ನ ಮಗಳಿಗೆ ಅತ್ತಿಮಬ್ಬೆಯೆಂದೂ ಮಗನಿಗೆ ರಾಯನೆಂದೂ ಹೆಸರಿಟ್ಟ. ಆತ ಋಣ ತೀರಿಸಿದ ಬಗೆ ಅದು. ಚಾಲುಕ್ಯ ದೊರೆ ತೈಲಪ ಅವನಿಗೆ 'ಕವಿಚಕ್ರವರ್ತಿ' ಬಿರುದನ್ನಿತ್ತ.

ಇನ್ನು 'ಗದಾಯುದ್ಧ'. ಹತ್ತು ಆಶ್ವಾಸಗಳ ಈ ಕಾವ್ಯ ಮಹಾಭಾರತ ಯುದ್ಧದ ಕೊನೆಯ ದಿನವನ್ನು ಹಿಡಿದುಕೊಂಡು ಹಿಂದಿನ ಕಥೆಯನ್ನೆಲ್ಲ ತಿರುಗಿ ನೋಡುತ್ತದೆ. ನಡೆದು ಬಂದ ದಾರಿಯನ್ನು ಸಿಂಹ ಕತ್ತು ಹೊರಳಿಸಿ ನೋಡುವಂತೆ ಇರುವುದರಿಂದ ಇದಕ್ಕೆ ಸಿಂಹಾವಲೋಕನ ಕ್ರಮವೆಂದು ಹೆಸರು. ಇಂದು ಚಲನಚಿತ್ರ, ದೂರದರ್ಶನಗಳಲ್ಲಿ ನಾವು ಫ್ಲ್ಯಾಶ್‌ಬ್ಯಾಕ್ ಎನ್ನುವುದು ಇದರ ಹತ್ತಿರದ ನೆಂಟ.

ಕಾವ್ಯದ ನಾಯಕ ಭೀಮ. ಅವನಲ್ಲಿ ಕವಿ ಕಂಡದ್ದು ತನ್ನ ಆಶ್ರಯದಾತ ಸತ್ಯಾಶ್ರಯನನ್ನು. ಆದರೂ ನಮ್ಮ ಮನಸ್ಸು ಹಿಂಬಾಲಿಸುವುದು ಸೋತ ದುರ್ಯೋಧನನನ್ನು. ಆತ ಸಂಜಯನೊಡನೆ ರಣರಂಗದಲ್ಲಿ ನಡೆಯುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ ಒಬ್ಬೊಬ್ಬರಾಗಿ ಎದುರಾಗುತ್ತಾರೆ. ವೈರಿಯ ಮಗ ಅಭಿಮನ್ಯುವಿನ ಶವದ ಮುಂದೆ ನಿಂತು ಅವನ ಶೌರ್ಯಕ್ಕೆ ಕೈಮುಗಿಯುತ್ತಾನೆ. ಅರಸನ ಹೊಗಳಿಕೆಗೆಂದು ಹೊರಟ ಕಾವ್ಯದಲ್ಲಿ ಸೋತವನಿಗೂ ಇಷ್ಟು ಘನತೆ ಕೊಡುವುದಕ್ಕೆ ಎದೆಗಾರಿಕೆ ಬೇಕು.

ಆಮೇಲೆ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ದಡದಿಂದ ಭೀಮ ಕೂಗಿದಾಗ ನೀರೊಳಗಿದ್ದೂ ಬೆವರುತ್ತಾನೆ. ನೀರಿನಲ್ಲಿ ಬೆವರುವುದುಂಟೆ ಎಂದು ವಿಜ್ಞಾನದ ವಿದ್ಯಾರ್ಥಿಗಳು ಕೇಳಬಹುದು. ಉಂಟು, ಈಜುಗಾರರ ಮೈಯೂ ಬೆವರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಕ್ಯಾಮೆರಾಕ್ಕೂ ಸಿಕ್ಕದ ಆ ಬೆವರಿನಲ್ಲಿ ಒಬ್ಬ ಅಭಿಮಾನಿಯ ಉರಿಯುವ ರೋಷವನ್ನು ರನ್ನ ತೋರಿಸಿದ. ಕವಿಯೊಳಗಿನ ಚಿತ್ರಕಾರ ಇಲ್ಲಿದ್ದಾನೆ. ಬಿ.ಎಂ. ಶ್ರೀಕಂಠಯ್ಯನವರು ಈ ಕಾವ್ಯವನ್ನು ನಾಟಕವಾಗಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ರನ್ನನ 'ಪರಶುರಾಮಚರಿತ', 'ಚಕ್ರೇಶ್ವರಚರಿತ' ನಮಗೆ ದೊರೆತಿಲ್ಲ. ಉಳಿದು ಬಂದದ್ದು ಯಾರೋ ಹೆಸರಿಲ್ಲದ ಲಿಪಿಕಾರರು ಮತ್ತೆ ಮತ್ತೆ ಪ್ರತಿ ಮಾಡಿದ್ದರಿಂದ. ಕಾವ್ಯ ಹುಟ್ಟಲು ಕವಿ ಸಾಕು. ಬಾಳಲು ಓದುವವರು ಬೇಕು. ಹಳಗನ್ನಡವೆಂದು ಅಂಜಬೇಡಿ. ನಿಮ್ಮ ಗುರುಗಳ ನೆರವಿನಿಂದ 'ಗದಾಯುದ್ಧ'ದ ಒಂದು ಪದ್ಯವನ್ನಾದರೂ ಗಟ್ಟಿಯಾಗಿ ಓದಿ ನೋಡಿರಿ.